ಅವ್ನು ಒಂದ್ಸಲಾನೂ ಎಡವಲಿಲ್ಲ ಕಣೋ

ಲೋ ಒಂಬತ್ತನೇ ಪುಟ,

ಹೇಗಿದೀಯ? ಮೆಸೇಜ್ ಹಾಕಿದ್ರೆ ಒಂದು ಹೆಬ್ಬೆಟ್ಟು ಒತ್ತಿ ಸುಮ್ನಾಗ್ತೀಯ, ಫೋನ್ ಮಾಡಿದ್ರೆ ‘ಡ್ರೈವಿಂಗಲ್ಲಿದೀನಿ’ ಅಂತೀಯ (ಕಾರು ಸರ್ವೀಸಿಗೆ ಬಿಟ್ಟಿದ್ದ ದಿನಾನೂ ಡ್ರೈವಿಂಗಲ್ಲೇ ಇದ್ದೆ ನೀನು), ಅದಕ್ಕೇ ಈ ಸಲ ಎಲ್ಲರ ಮುಂದೆ ಪತ್ರ. ಉಳಿದವರು ಓದ್ಕೊಳ್ಳಿ, ನನ್ನ ಅಭ್ಯಂತರ ಏನಿಲ್ಲ, ಆದ್ರೆ ಛತ್ರಿ ವಿಷ್ಯ ಏನು ಅಂತ ಮಾತ್ರ ಯಾರೂ ಕೇಳ್ಬಾರ್ದು.

ಏನಾಯ್ತಪ್ಪಾ ಅಂದ್ರೆ, ಒಂದು ಪ್ರೈಮರಿ ಸ್ಕೂಲಲ್ಲಿ ಪುಸ್ತಕದ ಹಬ್ಬ ಮಾಡಿದ್ರು, ನನ್ನನ್ನ ಗೆಸ್ಟ್ ಅಂತ ಕರೆದ್ರು. ನಗ್ಬೇಡ. ಫೇಸ್‌ಬುಕ್ಕಲ್ಲಿ ನಾಲ್ಕು ಸಾಲು ಗೀಚೋನಿಗೆ ‘ಸಾಹಿತಿಗಳು’ ಅಂತ ಬರೆದ ಬ್ಯಾಡ್ಜ್ ಚುಚ್ಚಿದ್ರು, ನಾನೂ ಎದೆ ಉಬ್ಬಿಸ್ಕೊಂಡು ಚುಚ್ಚಿಸ್ಕೊಂಡೆ. ಭಾಷಣ ಬೇರೆ ರೆಡಿ ಮಾಡ್ಕೊಂಡ್ ಹೋಗಿದ್ದೆ. 1995ರಲ್ಲಿ ಯುನೆಸ್ಕೋದವರು ಏಪ್ರಿಲ್ 23ನ್ನ ಪುಸ್ತಕದ ದಿನ ಅಂತ ಘೋಷಿಸಿದ್ರು, ಯಾಕಂದ್ರೆ ಶೇಕ್ಸ್‌ಪಿಯರ್ ಮತ್ತೆ ಸ್ಪೇನಿನ ಸಾಹಿತಿ ಸರ್ವಾಂಟಿಸ್ ಇಬ್ಬರೂ 1616ರಲ್ಲಿ ಅದೇ ತಾರೀಕು ತೀರಿಕೊಂಡ್ರು ಅಂತ ಲೆಕ್ಕ, ಆದ್ರೆ ಮಕ್ಕಳೇ, ಆಗ ಸ್ಪೇನಲ್ಲಿ ಹೊಸ ಕ್ಯಾಲೆಂಡರು, ಇಂಗ್ಲೆಂಡಲ್ಲಿ ಇನ್ನೂ ಹಳೇದು, ತಾರೀಕು ಒಂದೇ ಆದ್ರೂ ಮಧ್ಯೆ 10 ದಿನ ವ್ಯತ್ಯಾಸ ಇತ್ತು... ಅಂತೆಲ್ಲ ಕೈ ಬೀಸ್ಕೊಂಡು ಹೇಳ್ತಿದ್ರೆ ಮುಂದಿನ ಸಾಲಲ್ಲಿ ಕೂತಿದ್ದ ಒಂದು ಪುಟಾಣಿ ಎದ್ದು ನಿಂತು ‘ಸಾರ್, ಹಂಗಾದ್ರೆ ಇವತ್ತು ಯಾರು ಸತ್ತಿದಾರೆ?’ ಅಂದ್ಲು. ಅವತ್ತು ಏಪ್ರಿಲ್ಲೂ ಅಲ್ಲ ಕಣೋ. ಯಾರೂ ಸತ್ತಿರ್ಲಿಲ್ಲ. ಭಾಷಣ ಅಲ್ಲಿಗೆ ಮುಗೀತು.

ಹಬ್ಬ ಮಾತ್ರ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳ್ಲಿ. ವರಾಂಡದ ಉದ್ದಕ್ಕೂ ಹಗ್ಗ ಕಟ್ಟಿ ಬಟ್ಟೆ ಒಣಗಿಸೋ ಕ್ಲಿಪ್ಪಲ್ಲಿ ಪುಸ್ತಕ ನೇತು ಹಾಕಿದ್ರು, ಎಟುಕದೇ ಇರೋ ಮಕ್ಕಳು ಹಾರಿ ಹಾರಿ ಹಿಡಿಯೋರು. ಒಬ್ಬ ಹುಡುಗ ಹಿಂದೆ ಮುಂದೆ ರಟ್ಟು ಕಟ್ಕೊಂಡು ತಾನೇ ಪುಸ್ತಕ ಆಗಿ ಬಂದಿದ್ದ, ಪಾಪ ಇಡೀ ದಿನ ಕೂರೋಕೇ ಆಗ್ಲಿಲ್ಲ ಅವನಿಗೆ, ಗೋಡೆಗೆ ಒರಗಿಸಿಟ್ಟಿದ್ರು. ಸ್ಟಾಫ್ ರೂಮಿನ ಕಬ್ಬಿಣದ ಬೀರುನೂ ತೆಗೆದಿದ್ರು. ನಮ್ಮ ಬೀರು ನೆನಪಿದ್ಯಲ್ಲ, ಅದರ ಬೀಗದ ಕೈ ಹಸಿರು ಶಾಯಿಯವರ ಸೊಂಟದಲ್ಲೇ ಇರ್ತಿತ್ತು, ನಾವು ಗಾಜಿಗೆ ಮೂಗು ಒತ್ತಿ ಬೆನ್ನು ಬೆನ್ನು ನೋಡಿದ್ದೇ ಬಂತು. ಯೂರೋಪಲ್ಲಿ ಒಂದು ಕಾಲದಲ್ಲಿ ಪುಸ್ತಕಗಳಿಗೆ ಸರಪಳಿ ಹಾಕಿ ಕಪಾಟಿಗೆ ಕಟ್ಟಿಡ್ತಿದ್ರಂತೆ. ನಮ್ಮ ದೇಶದ ಗ್ರಂಥಾಲಯ ಪಂಡಿತರು ರಂಗನಾಥನ್ ಅವರು 1931ರಲ್ಲಿ ಲೈಬ್ರರಿಗೆ ಅಂತ ಐದು ಸೂತ್ರ ಕೊಟ್ರಲ್ಲ, ಮೊದಲನೇದೇ ‘ಪುಸ್ತಕ ಇರೋದು ಬಳಸೋದಕ್ಕೆ’ ಅಂತ. ಇದನ್ನೂ ಒಂದು ಸೂತ್ರ ಅಂತ ಬರೀಬೇಕಾಗಿ ಬಂತಾ ಅನ್ಸುತ್ತೆ, ಆದ್ರೆ ಆ ಬೀರು ನೆನೆಸ್ಕೊಂಡ್ರೆ ಬರೀಲೇಬೇಕಿತ್ತು. ಎರಡನೇ ಸೂತ್ರ ‘ಪ್ರತಿ ಓದುಗನಿಗೂ ಅವನ ಪುಸ್ತಕ’. ಅದನ್ನೂ ಭಾಷಣಕ್ಕೆ ಇಟ್ಕೊಂಡಿದ್ದೆ, ಆ ಪುಟಾಣಿ ದಯೆಯಿಂದ ಉಳ್ಕೊಂಡಿದೆ, ಇಲ್ಲಿ ಹಾಕಿದೀನಿ.

ಆಮೇಲೆ ಗಟ್ಟಿಯಾಗಿ ಓದೋ ಸ್ಪರ್ಧೆ. ಮೂರನೇ ಕ್ಲಾಸಿನೋರಿಗೆ. ಮೂರು ಜನ ಜಡ್ಜು, ಅದ್ರಲ್ಲಿ ನಾನೊಬ್ಬ.

ಮಕ್ಕಳು ಓದೋದು ಗೊತ್ತಲ್ಲ ನಿನಗೆ, ಒತ್ತಕ್ಷರ ಬಂದ್ರೆ ಗಾಡಿ ಹಂಪ್ ಹತ್ತಿದ ಹಾಗೆ ಒಂದು ಕ್ಷಣ ನಿಲ್ತಾರೆ, ಗುನುಗ್ತಾರೆ, ಹಿಂದಕ್ಕೆ ಹೋಗಿ ಮತ್ತೆ ಹಾಯ್ತಾರೆ. ಅವರ ತಪ್ಪಲ್ಲ ಅದು. ಇಂಗ್ಲಿಷಲ್ಲಿ 26 ಅಕ್ಷರ, ನಮ್ಮಲ್ಲಿ 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ ಹಾಕಿದ್ರೆ ನಾನೂರು ದಾಟುತ್ತೆ, ಅದರ ಮೇಲೆ ಒತ್ತು. ಎಂಟು ವರ್ಷದ ಮಗು ಎಡವದೇ ಇರೋಕಾಗುತ್ತಾ? ಎಲ್ಲರೂ ಎಡವಿದ್ರು. ಆಮೇಲೆ ಒಬ್ಬ ಬಂದ, ಶರ್ಟಿನ ಮೇಲಿನ ಗುಂಡಿ ತನಕ ಹಾಕ್ಕೊಂಡು. ಅವ್ನು ಎಡವಲೇ ಇಲ್ಲ. ನರಿ ಮಾತಾಡುವಾಗ ನರಿ ಧ್ವನಿ, ಅಜ್ಜಿ ಮಾತಾಡುವಾಗ ಅಜ್ಜಿ ಧ್ವನಿ, ಸಾಲಿನ ಕೆಳಗೆ ನೀಟಾಗಿ ಬೆರಳು. ಪಕ್ಕದ ಜಡ್ಜ್ ಮೇಡಂ ನನ್ನ ಮೊಣಕೈ ತಿವಿದು ‘ಅಬ್ಬಾ’ ಅಂದ್ರು.

ನಾನು ಬೆರಳು ನೋಡ್ತಿದ್ದೆ. ಮಾತು ಮುಗಿದಾಗ ಬೆರಳು ಇನ್ನೂ ಸಾಲಿನ ಮಧ್ಯದಲ್ಲಿತ್ತು. ಹೋಗ್ಲಿ ಬಿಡು ಅಂದ್ಕೊಂಡೆ. ಆಮೇಲೆ ಅವ್ನು ಪುಟ ತಿರುವಿದ, ಎರಡು ಹಾಳೆ ಅಂಟ್ಕೊಂಡಿದ್ವು, ಎರಡೂ ಒಟ್ಟಿಗೇ ತಿರುಗಿ ಹೋದ್ವು. ಕಥೆ ತಿರುಗಲಿಲ್ಲ ಕಣೋ. ಆ ಮುಚ್ಚಿಹೋದ ಪುಟದಲ್ಲಿ ಏನಿತ್ತೋ ಅದನ್ನ ಒಂದಕ್ಷರ ಬಿಡದೆ ಹೇಳಿದ, ಹೇಳ್ತಾ ಹೇಳ್ತಾ ಚಿತ್ರ ನೋಡಿದ, ಚಿತ್ರದಲ್ಲಿ ಅಜ್ಜಿ ಇಲ್ಲ, ಬಾವಿ ಇದೆ. ಅವನ ಕಣ್ಣು ಒಂದು ಸಲ ಮೇಲೆ ಬಂತು, ನನ್ನ ಕಣ್ಣಿಗೇ ಸಿಕ್ಕಾಕ್ಕೊಂಡ್ತು. ಧ್ವನಿ ನಿಲ್ಲಲಿಲ್ಲ. ಎಂಥಾ ಗಟ್ಟಿಗ!

ನನಗೆ ಬೆನ್ನು ತಣ್ಣಗಾಯ್ತು. ಈ ವಿದ್ಯೆ ನಂದು.

ಇಲ್ಲಿಂದ ಮುಂದೆ ಬರೀಬಾರ್ದು ಅಂತಾನೇ ಇದ್ದೆ. ಹಬ್ಬ ಚೆನ್ನಾಗಿತ್ತು, ಮಕ್ಕಳು ಮುದ್ದಾಗಿದ್ರು, ಪುಸ್ತಕ ಓದಿ ಅಂತ ಹೇಳಿ ಎರಡು ಫೋಟೋ ಹಾಕಿ ಮುಗಿಸೋ ಪ್ಲಾನು.

ನೆನಪಿದ್ಯಾ, ಮೂರನೇ ಕ್ಲಾಸಲ್ಲಿ ದಿನಾ ಪ್ರೇಯರ್ ಬೆಲ್ಲಿಗೆ ಮುಂಚೆ ನಿನ್ನ ಕೈಲಿ ಪಾಠ ಓದಿಸ್ತಿದ್ದೆ. ‘ನಿನ್ನ ವಾಯ್ಸು ರೇಡಿಯೋದಲ್ಲಿ ಬಂದ ಹಾಗಿದೆ, ಓದೋ’ ಅಂತಿದ್ದೆ, ನೀನು ಉಬ್ಬಿ ಹೋಗಿ ಎರಡು ಸಲ ಓದ್ತಿದ್ದೆ, ನಾನು ಕಣ್ಣು ಮುಚ್ಚಿ ಕೇಳ್ತಿದ್ದೆ. ಸೋಮಾರಿ ನನ್ಮಗ, ಜಮೀನ್ದಾರನ ಥರ ಕೂತಿದಾನೆ ಅಂತ ನೀನು ಬೈದಿದೀಯ. ಆಮೇಲೆ ಮೇಷ್ಟ್ರು ಬಂದ ತಕ್ಷಣ ನಾನೇ ಮೊದಲು ಕೈ ಎತ್ತೋದು, ‘ಸಾರ್ ನಾನ್ ಓದ್ತೀನಿ’. ಮೊದಲು ಕೈ ಎತ್ತಿದ್ರೆ ಶುರುವಿಂದ ಓದಿಸ್ತಾರೆ. ಶುರುವಿಂದ ಆದ್ರೆ ನನಗೆ ಕೊನೆ ತನಕ ಬರ್ತಿತ್ತು. ಮಧ್ಯದಿಂದ ಅಂದ್ರೆ ಬರ್ತಿರ್ಲಿಲ್ಲ.

ನನಗೆ ಓದೋಕೆ ಬರ್ತಿರ್ಲಿಲ್ಲ ಕಣೋ.

ಅವತ್ತು ಬೇರೆ ಮೇಷ್ಟ್ರು ಬಂದು ಮಧ್ಯದಿಂದ ಓದು ಅಂದ್ರಲ್ಲ, ಅದೇ ಛತ್ರಿ ದಿನ. ನಾನು ಬೇಕಂತ ಮಾಡಿದ್ದಲ್ಲ ಅದು. ಅಲ್ಲಿ ಏನು ಬರೆದಿತ್ತು ಅಂತ ನಿಜವಾಗ್ಲೂ ಗೊತ್ತಾಗ್ಲಿಲ್ಲ, ಬಾಯಿಗೆ ಬಂದಿದ್ದು ಛತ್ರಿ. ಇಡೀ ಕ್ಲಾಸ್ ನಕ್ತು, ಒಂದು ಸೆಕೆಂಡ್ ತಡ ಮಾಡಿ ನಾನೂ ನಕ್ಕೆ, ಅವತ್ತಿಂದ ನಾನು ಕಾಮಿಡಿಯನ್. ಮೂವತ್ತು ವರ್ಷದಿಂದ ನೀನು ಅದನ್ನ ನನ್ನ ಧೈರ್ಯ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದೀಯ, ನನ್ನ ಮದುವೇಲಿ ಮೈಕ್ ಹಿಡ್ಕೊಂಡೂ ಹೇಳ್ದೆ. ಪ್ರತಿ ಸಲ ನಾನು ಆ ಒಂದು ಸೆಕೆಂಡ್ ತಡ ಮಾಡೇ ನಗೋದು. ಗಮನಿಸಿರ್ಲಿಕ್ಕಿಲ್ಲ ನೀನು.

ಬುದ್ಧಿ ಚುರುಕಿದ್ರೂ ಅಕ್ಷರ ಓದೋದು ಕಷ್ಟ ಆಗೋದಕ್ಕೆ ಡಿಸ್ಲೆಕ್ಸಿಯಾ ಅಂತಾರಲ್ಲ, ಆ ಹೆಸರು 1887ರಲ್ಲೇ ಜರ್ಮನಿಯ ಕಣ್ಣಿನ ಡಾಕ್ಟರೊಬ್ಬರು, ರುಡಾಲ್ಫ್ ಬರ್ಲಿನ್ ಅಂತ, ಇಟ್ಟಿದ್ದಂತೆ. ನಂದು ಅದೇನಾ ಅಂತ ಯಾರೂ ಪರೀಕ್ಷೆ ಮಾಡಿಲ್ಲ, ಈಗ ಆ ಹೆಸರು ಹಾಕ್ಕೊಂಡು ಓಡಾಡೋದು ನಿಜವಾಗಿ ಇರೋರಿಗೆ ಮಾಡೋ ಅನ್ಯಾಯ. ನಮ್ಮ ಕಾಲದಲ್ಲಿ ಎರಡೇ ಜಾತಿ ಮಕ್ಕಳು, ಜಾಣ ಮತ್ತೆ ದಡ್ಡ, ನಾನು ಮೂರನೇ ಜಾತಿ, ತಮಾಷೆ ಹುಡುಗ. ತಮಾಷೆ ಹುಡುಗರ ಪುಸ್ತಕ ಯಾರು ಇಸ್ಕೊಂಡು ನೋಡ್ತಾರೆ?

ಓದು ಬಂದಿದ್ದು ಯಾವಾಗ ಗೊತ್ತಾ? ನಾಲ್ಕನೇ ಕ್ಲಾಸಲ್ಲಿ ನಿನಗೆ ಚಿಕನ್ ಪಾಕ್ಸ್ ಆಗಿ ಹದಿನೈದು ದಿನ ಬರ್ಲಿಲ್ಲವಲ್ಲ, ಆಗ. ಓದಿ ಹೇಳೋರಿಲ್ಲ. ಗತಿ ಇಲ್ಲದೆ ಹಿಂದಿನ ವರ್ಷದ ಪುಸ್ತಕ ತೆಗೆದೆ, ಬಾಯಲ್ಲಿದ್ದ ಪಾಠಾನ ಒಂದೊಂದೇ ಪದ ಹಾಳೆ ಮೇಲೆ ಹುಡುಕ್ದೆ, ಹೋ ಈ ಬೆಕ್ಕಿನ ಬಾಲದಂಥದ್ದು ‘ರ’ ಒತ್ತಾ, ಅಂತ. ಹದಿನೈದು ದಿನಕ್ಕೆ ಪೂರ್ತಿ ಬರ್ಲಿಲ್ಲ, ಆದ್ರೆ ಶುರುವಾಯ್ತು. ನೀನು ವಾಪಸ್ ಬಂದ ದಿನ ನನಗೆ ಖುಷಿ ಆಗ್ಲಿಲ್ಲ ಕಣೋ. ಇದನ್ನ ನಿನಗೆ ಯಾವತ್ತೂ ಹೇಳಿಲ್ಲ, ಹೇಳೋ ಮಾತೂ ಅಲ್ಲ, ಇನ್ನೊಂದು ಹದಿನೈದು ದಿನ ಬರ್ದೇ ಇದ್ರೆ ಅಂತ ಅನ್ಸಿತ್ತು. ಆಮೇಲೆ ನೀನು ಪಕ್ಕದಲ್ಲಿ ಕೂತು ಪುಸ್ತಕ ತೆಗೆದೆ, ನಾನು ಹಳೇ ಅಭ್ಯಾಸಕ್ಕೆ ಕಣ್ಣು ಮುಚ್ಕೊಂಡೆ. ಅಲ್ಲಿಗೆ ಇನ್ನೊಂದು ವರ್ಷ ಹೋಯ್ತು.

ಸರಿ, ಈಗ ನಾನು ಏನ್ ಮಾಡ್ದೆ ಕೇಳು. ಆ ಹುಡುಗನಿಗೆ ಹತ್ತಕ್ಕೆ ಹತ್ತು ಕೊಟ್ಟೆ. ಗೊತ್ತಿದ್ದೂ. ಉಳಿದ ಇಬ್ಬರು ಒಂಬತ್ತು, ಒಂಬತ್ತೂವರೆ, ನಾನೇ ಹತ್ತು. ಫಸ್ಟ್ ಪ್ರೈಜು. ಪ್ರೈಜು ಏನು ಹೇಳು, ಪುಸ್ತಕ, ಚಿತ್ರವೇ ಇಲ್ಲದ ದಪ್ಪ ಪುಸ್ತಕ. ನನ್ನ ಕೈಲೇ ಕೊಡಿಸಿದ್ರು. ಅವ್ನು ಅದನ್ನ ಬಿಚ್ಚಲಿಲ್ಲ, ಮೂಸಿ ನೋಡಿ ಕಂಕುಳಲ್ಲಿ ಇಟ್ಕೊಂಡ. ಬಗ್ಗಿ ‘ಯಾರೋ ಓದಿ ಹೇಳಿದ್ದು?’ ಅಂತ ಮೆತ್ತಗೆ ಕೇಳ್ದೆ. ಆಚೆ ಈಚೆ ನೋಡಿ ‘ಅಕ್ಕ’ ಅಂದ. ಫೋಟೋದಲ್ಲಿ ನಾವಿಬ್ಬರೂ ಹಲ್ಲು ಕಿರಿತಿದೀವಿ.

ಪ್ರೀತಿಯಿಂದಾನೇ ಕೊಟ್ಟಿದ್ದು ಕಣೋ ಹತ್ತು. ಇಷ್ಟು ಕೇಳಿಸ್ಕೊಂಡು ಇಷ್ಟು ನೆನಪಿಟ್ಕೊಳ್ಳೋ ಮಗು ದಡ್ಡ ಅಲ್ಲ ಅಂತ ಯಾರಾದ್ರೂ ಒಬ್ಬರು ಬರೆದುಕೊಡ್ಲಿ ಅಂತ. ಮನೆಗೆ ಬಂದು ಶೂ ಬಿಚ್ಚುವಾಗ ಹೊಳೀತು, ಇನ್ನು ಮುಂದೆ ಆ ಸ್ಕೂಲಲ್ಲಿ ಯಾರೂ ಅವನ ಕೈಲಿ ಮಧ್ಯದಿಂದ ಓದಿಸಲ್ಲ. ಫಸ್ಟ್ ಪ್ರೈಜ್ ಹುಡುಗ ಅಲ್ವಾ. ಅವನ ಟೀಚರ್ ನಂಬರ್ ನನ್ನ ಹತ್ರ ಇದೆ, ನಾಲ್ಕು ದಿನ ಆಯ್ತು, ‘ಮೇಡಂ, ಅವನಿಗೆ ಓದೋಕೆ ಬರಲ್ಲ, ಸ್ವಲ್ಪ ನೋಡಿ’ ಅನ್ನೋ ಒಂದು ಸಾಲು ಟೈಪ್ ಮಾಡಿ ಅಳಿಸ್ತಾ ಇದೀನಿ. ‘ನಿಮಗೆ ಹೇಗ್ ಗೊತ್ತಾಯ್ತು ಸಾರ್’ ಅಂತ ಕೇಳ್ತಾರೆ. ಅದರ ಬದಲು ಈ ಇಷ್ಟುದ್ದ ಪತ್ರ ಬರೆದೆ ನೋಡು, ಇದೇ ಸುಲಭ ಆಯ್ತು ನನಗೆ.

ಅಯ್ಯೋ ಜಾಸ್ತಿ ಆಯ್ತು. ಉಳಿದ ಓದುಗರೇ, ನೀವೂ ಕೇಳಿಸ್ಕೊಂಡ್ಬಿಟ್ರಲ್ಲ, ಹೋಗ್ಲಿ, ಇನ್ನೊಂದೂ ಹೇಳ್ಬಿಡ್ತೀನಿ, ಹೋದ ವರ್ಷ ‘ನಾನು ಓದಿದ ಪುಸ್ತಕಗಳು’ ಅಂತ ಸ್ಟೈಲಾಗಿ ಲಿಸ್ಟ್ ಹಾಕಿದ್ನಲ್ಲ, ಅದ್ರಲ್ಲಿ ಮುಕ್ಕಾಲು ಭಾಗ ಕಿವಿಗೆ ಸಿಗಿಸ್ಕೊಂಡು ಕೇಳಿದ್ದು. ಉಳಿದದ್ದು ತುಟಿ ಆಡಿಸ್ಕೊಂಡು ಓದಿದ್ದು. ತುಟಿ ಆಡಿಸದೆ ಸುಮ್ನೆ ಓದೋ ಬಿಷಪ್ ಆಂಬ್ರೋಸ್‌ನ ನೋಡಿ ಕ್ರೈಸ್ತ ಸಂತ ಆಗಸ್ಟಿನ್ ಅಂಥೋನೇ ಆಶ್ಚರ್ಯಪಟ್ಟು ಬರೆದಿಟ್ಟಿದಾನಂತೆ, ನಾಲ್ಕನೇ ಶತಮಾನದಲ್ಲಿ. ನಾನು ಆ ಬ್ಯಾಚು ಅಂತ ತಿಳ್ಕೊಳ್ಳಿ, ಸ್ವಲ್ಪ ಲೇಟಾಗಿ ಬಂದೆ.

ನಿನ್ನ ಪುಸ್ತಕ ಇನ್ನೂ ನನ್ನ ಹತ್ರಾನೇ ಇದೆ. ಎಷ್ಟನೇ ಪುಟದಲ್ಲಿದೀನಿ ಅಂತ ಕೇಳೋ ಹಾಗಿಲ್ಲ. ಊರಿಗೆ ಬಂದಾಗ ಮಧ್ಯದಿಂದ ಓದಿ ತೋರಿಸ್ತೀನಿ, ನೀನು ಎಲ್ಲಿ ಬೆರಳಿಟ್ರೆ ಅಲ್ಲಿಂದ, ಛತ್ರಿ ಬಂದ್ರೂ ಬರ್ಲಿ.

ಮತ್ತೆ, ಇದಕ್ಕೂ ಹೆಬ್ಬೆಟ್ಟು ಒತ್ತಿ ಸುಮ್ನಾಗ್ಬೇಡ. ಹೆಬ್ಬೆಟ್ಟು ಯಾರು ಅಂತ ಈಗ ಗೊತ್ತಾಯ್ತಲ್ಲ ನಿನಗೆ.

ಇಂತಿ ನಿನ್ನ,
ಜಮೀನ್ದಾರ