ಅಡ್ಡ ಬರುವವರನ್ನು ಸರಿಯಾಗಿ ಬರಿ

ದಾವಣಗೆರೆ

ಪ್ರಿಯ ತಂಗಿ,

ನಿನ್ನ ಮೂರೂ ಸಿನಿಮಾ ಕಥೆ ಓದಿದೆ. ಒಂದು ಕಾಮಿಡಿ, ಒಂದು ಥ್ರಿಲ್ಲರ್, ಒಂದು ಲವ್ ಸ್ಟೋರಿ. ಜೊತೆಗಿಟ್ಟ ಚೀಟಿಯನ್ನೂ ಓದಿದೆ. ಗಾಂಧಿನಗರದ ಸಿನಿಮಾ ಆಫೀಸುಗಳಲ್ಲಿ ಯಾರೂ ಫೋನ್ ಎತ್ತಲ್ಲ, ಎತ್ತಿದವರು ‘ಒನ್‌ಲೈನ್ ಕಳಿಸಿ’ ಅಂದು ಮರೆತುಬಿಡ್ತಾರೆ, ಇನ್ನು ಬರೆಯೋದು ಬಿಟ್ಟು ಬಿ.ಎಡ್. ಮಾಡ್ತೀನಿ ಅಂತ ಬರೆದಿದ್ದೀಯ. ಬಿ.ಎಡ್. ಬೇಕಾದರೆ ಮಾಡು, ಒಳ್ಳೆಯದೇ. ಆದರೆ ಸಿಟ್ಟಿನಲ್ಲಿ ಮಾಡಬೇಡ.

ಸ್ಕ್ರಿಪ್ಟ್ ಹೇಗೆ ಟೈಪ್ ಮಾಡಬೇಕು, ಎಷ್ಟು ಪುಟ ಇರಬೇಕು, ಇಂಟರ್‌ವಲ್ ಎಲ್ಲಿ ಬರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ನಾನು ಹೇಳೋದು ಒಂದೇ. ನಿನ್ನ ಕಥೆಗಳಲ್ಲಿ ಅಡ್ಡ ಬರುವವರು ಸರಿಯಿಲ್ಲ.

ಲವ್ ಸ್ಟೋರಿಯನ್ನೇ ತಗೋ. ಹುಡುಗಿಯ ಅಪ್ಪ ಎಪಿಎಂಸಿಯಲ್ಲಿ ದಲ್ಲಾಳಿ. ಬಂದ ಮೊದಲ ಸೀನಿನಲ್ಲೇ ಮೀಸೆ ತಿರುವುತ್ತಾನೆ. ಆಮೇಲೆ ಹುಡುಗನಿಗೆ ಹೊಡೆಸುತ್ತಾನೆ. ಕೊನೆಗೆ ಆಸ್ಪತ್ರೆ ಮಂಚದಲ್ಲಿ ಮಲಗಿ ಇಬ್ಬರ ಕೈ ಸೇರಿಸುತ್ತಾನೆ. ನಡುವೆ ಆ ಮನುಷ್ಯ ಏನು ಮಾಡ್ತಿದ್ದ? ನೀನು ಇದೇ ಊರವಳು. ಮೆಕ್ಕೆಜೋಳ ಬರುವ ಕಾಲದಲ್ಲಿ ನಮ್ಮ ಮಾರ್ಕೆಟ್ ಯಾರ್ಡ್ ನೋಡಿಲ್ವಾ? ನೆಲದ ತುಂಬ ಹಳದಿ ರಾಶಿ, ತೇವ ಇದೆಯಾ ಅಂತ ಕಾಳು ಹಲ್ಲಿಗೆ ಹಾಕಿ ಕಚ್ಚಿ ನೋಡುವವರು, ತೂಕಕ್ಕೆ ಕಾದು ಕೂತ ರೈತರು, ಚೀಲ ಹೊರುವ ಹಮಾಲರು. ಅಲ್ಲಿ ದಿನವಿಡೀ ನಿಂತವನಿಗೆ ಆಡಿದ ಮಾತೇ ಬಂಡವಾಳ. ರೈತನಿಗೆ ಮುಂಗಡ ಕೊಟ್ಟಾಗಿರುತ್ತೆ, ಖರೀದಿದಾರನ ದುಡ್ಡು ಇನ್ನೂ ಬಂದಿರಲ್ಲ. ಕೈಕಟ್ಟಿದ ಕಾಲದಲ್ಲಿ ಯಾರೋ ಒಬ್ಬ ಜಾಮೀನು ನಿಂತಿರುತ್ತಾನೆ. ಆ ಮನೆಗೇ ಮಗಳನ್ನು ಕೊಡ್ತೀನಿ ಅಂತ ಇವನು ಬಾಯಿಮಾತು ಕೊಟ್ಟುಬಿಟ್ಟಿದ್ದರೆ? ಆಗ ಮೀಸೆ ತಿರುವೋದೇ ಬೇಡ. ಊಟಕ್ಕೆ ಕೂತವನು ಸುಮ್ನೆ ತಟ್ಟೆ ಪಕ್ಕಕ್ಕೆ ಸರಿಸಿದರೂ ಸಾಕು, ಎದೆ ಧಸಕ್ ಅನ್ನುತ್ತೆ.

ಪಕ್ಕದ ಚಿತ್ರದುರ್ಗದಲ್ಲೇ ಇದಕ್ಕೆ ಪಾಠ ಇದೆ. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ‘ನಾಗರಹಾವು’. ಎಲ್ಲರೂ ವಿಷ್ಣುವರ್ಧನ್ ಅವರ ರಾಮಾಚಾರಿ ಬಗ್ಗೆ ಮಾತಾಡ್ತಾರೆ, ಅಂಬರೀಶ್ ಅವರ ಜಲೀಲನ ಬಗ್ಗೆ ಮಾತಾಡ್ತಾರೆ. ನೀನು ಮಾತ್ರ ಅಶ್ವಥ್ ಅವರ ಚಾಮಯ್ಯ ಮೇಷ್ಟ್ರನ್ನು ನೋಡು. ಜಲೀಲ ಅಡ್ಡ ಬಂದರೆ ನಾಲ್ಕು ಏಟು ಕೊಡಬಹುದು. ಮೇಷ್ಟ್ರಿಗೆ ಏನು ಮಾಡೋದು? ಊರೆಲ್ಲ ಪುಂಡ ಅಂದ ಹುಡುಗನನ್ನು ಮಗನ ಹಾಗೆ ಕಂಡವರು ಅವರು. ಅಂಥವರೇ ಬಂದು, ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಅಂತಾರೆ. ಅವನು ಬಿಟ್ಟುಕೊಡುತ್ತಾನೆ. ಮುಂದಿನ ಅನಾಹುತವೆಲ್ಲ ಶುರುವಾಗೋದು ಅಲ್ಲಿಂದ. ಮೇಷ್ಟ್ರು ಕೆಟ್ಟವರಲ್ಲ, ಹುಡುಗನ ಕೆಡುಕು ಬಯಸಿದವರೂ ಅಲ್ಲ. ಕಥೆಯಲ್ಲಿ ಒಬ್ಬ ಸರಿಯಾದ ವಿಲನ್ ಇದ್ದಿದ್ದರೆ ರಾಮಾಚಾರಿ ಬದುಕಿಕೊಳ್ಳುತ್ತಿದ್ದ ಅನ್ನಿಸುತ್ತೆ ನನಗೆ.

ನಿನ್ನ ಪಾತ್ರಗಳ ಪಟ್ಟಿಯಲ್ಲಿ ನಾಯಕನ ಮುಂದೆ ದೊಡ್ಡ ಹೀರೋ ಹೆಸರು. ನಾಯಕಿಯ ಮುಂದೆ ಮೂರು ಹೆಸರು, ಯಾರು ಸಿಕ್ಕರೆ ಅವರು. ಅಪ್ಪನ ಮುಂದೆ? ‘ಯಾರಾದರೂ ಸೀನಿಯರ್’. ಅಲ್ಲೇ ಗೊತ್ತಾಯಿತು ನನಗೆ.

ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ಸಿಕ್ಕಿಹಾಕಿಕೊಂಡ ದಿನಗಳು ನೆನಪಿರಬೇಕು. ಗೇಟು ಬಿದ್ದರೆ ಈ ಕಡೆ ಆಟೋ, ಆ ಕಡೆ ಲಾರಿ, ಎಲ್ಲರೂ ಗೇಟಿನವನಿಗೆ ಬೈಯುವವರೇ. ಪಾಪ, ಅವನಿಗೆ ನಮ್ಮ ಮೇಲೆ ಯಾವ ಹಗೆಯೂ ಇಲ್ಲ. ಅವನಿಗೆ ರೈಲು ಬಿಡಬೇಕು, ಅಷ್ಟೇ. ನಿನ್ನ ಕಥೆಯಲ್ಲಿ ಅಡ್ಡ ನಿಲ್ಲುವ ಪ್ರತಿಯೊಬ್ಬನಿಗೂ ಅಂಥದ್ದೊಂದು ರೈಲು ಬೇಕು.

ಕಾಮಿಡಿಗೆ ಇದೆಲ್ಲ ಬೇಡ ಅಂತೀಯ ಅಲ್ವಾ? ಕಾಮಿಡಿಗೇ ಜಾಸ್ತಿ ಬೇಕು. ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ 1990ರದು. ಈಗಲೂ ಟಿವಿಯಲ್ಲಿ ಬಂದರೆ ನಮ್ಮ ಮನೆಯಲ್ಲಿ ಯಾರೂ ಚಾನೆಲ್ ತಿರುಗಿಸಲ್ಲ. ಒಂದು ವಠಾರ. ಅನಂತನಾಗ್ ಬಾಡಿಗೆದಾರ, ಮುಖ್ಯಮಂತ್ರಿ ಚಂದ್ರು ಓನರು. ಓನರ ಮಗಳು ವಿನಯಾ ಪ್ರಸಾದ್ ಜೊತೆ ಅನಂತನಾಗ್‌ಗೆ ದಿನ ಬೆಳಗಾದರೆ ಜಗಳ. ಅವನು ಹಾಡುಗಾರ್ತಿ ಒಬ್ಬಳ ದನಿಗೆ ಮನಸೋತು ಕಾಗದ ಬರೆಯುತ್ತಾನೆ. ಆ ಹಾಡುಗಾರ್ತಿಯೇ ಈ ಜಗಳಗಂಟಿ. ಅಡ್ಡ ಬರುವವಳೂ ಅವಳೇ, ಬೇಕಾದವಳೂ ಅವಳೇ. ಇಬ್ಬರೂ ತಮಾಷೆ ಮಾಡೋಕೆ ಹೋಗಲ್ಲ, ಗಂಭೀರವಾಗಿ ಜಗಳ ಆಡ್ತಾರೆ. ನಗೋದು ನಾವು. ನಿನ್ನ ಕಾಮಿಡಿಯಲ್ಲಿ ಎಲ್ಲರೂ ನಗಿಸೋಕೆ ನಿಂತಿದ್ದಾರೆ, ಅದಕ್ಕೇ ಆಕಳಿಕೆ ಬಂತು.

ಒಬ್ಬಳನ್ನು ಬಿಟ್ಟು. ಆ ಮೆಸ್ಸಿನ ಅಕ್ಕ! ಹುಡುಗ ತಿಂದ ರೊಟ್ಟಿ ಎಣಿಸಿ ಹಳೇ ಕ್ಯಾಲೆಂಡರಿನ ಹಿಂದೆ ಗೆರೆ ಎಳೀತಾಳಲ್ಲ, ಅವಳು. ಹಬ್ಬದ ದಿನ ಹೋಳಿಗೆ ಬಡಿಸಿ ಅದಕ್ಕೆ ಗೆರೆ ಎಳೆಯದೆ ಬಿಡ್ತಾಳೆ, ಮಾರನೆ ದಿನ ಯೋಚಿಸಿ ಎಳೀತಾಳೆ. ಆ ಜಾಗ ಓದಿ ಜೋರಾಗಿ ನಕ್ಕೆ, ಒಳಗಿಂದ ಮನೆಯವರು ಬಂದು ಏನಾಯ್ತು ಅಂತ ಕೇಳಿದರು. ಅಷ್ಟು ಚೆಂದ ಬರೆದವಳು ಅವಳನ್ನು ಮುಂದಿನ ಪುಟದಲ್ಲೇ ಯಾಕಮ್ಮಾ ಕಳೆದುಹಾಕಿದೆ? ಬಾಕಿ ವಸೂಲಿಗೆ ಅವಳು ಹುಡುಗನ ನಿಶ್ಚಿತಾರ್ಥಕ್ಕೇ ಆ ಕ್ಯಾಲೆಂಡರ್ ಹಿಡಿದು ಬರಲಿ. ನಿನಗೆ ಬೇರೆ ಕ್ಲೈಮ್ಯಾಕ್ಸ್ ಯಾಕೆ?

ಥ್ರಿಲ್ಲರ್ ಬಗ್ಗೆ ಬೈಯಲೇಬೇಕು. ದುರ್ಗದ ಏಳು ಸುತ್ತಿನ ಕೋಟೆ ಇಟ್ಟುಕೊಂಡು, ಅಕ್ಕ-ತಂಗಿ ಹೊಂಡದ ಹತ್ತಿರ ಅಷ್ಟು ಚೆನ್ನಾಗಿ ಹೆದರಿಸಿ, ಕೊನೆಗೆ ಕೊಲೆಗಾರ ವಾಚ್‌ಮನ್ ಅಂದೆ. ಕಾರಣ ಏನು ಅಂದರೆ ಹುಚ್ಚು. ಹುಚ್ಚು ಅಂದುಬಿಟ್ಟರೆ ಬರೆಯುವವಳ ಕೆಲಸ ಉಳಿಯಿತು, ಓದುವವನಿಗೆ ಮೋಸ ಆಯಿತು. ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ನೋಡು. ಬೆಂಗಳೂರಿನ ಒಂದು ಫ್ಲೈಓವರ್. ಸುತ್ತು ಹಾಕಿ ಬರೋಕೆ ಬೇಜಾರಾಗಿ ಬೈಕಿನವರು ನಡುವಿನ ಕಲ್ಲು ಸರಿಸಿ ತಿರುಗಿಸಿಕೊಳ್ತಾರೆ, ಕಲ್ಲನ್ನು ಅಲ್ಲೇ ಬಿಟ್ಟು ಹೋಗ್ತಾರೆ. ಶ್ರದ್ಧಾ ಶ್ರೀನಾಥ್ ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿರುವ ಹುಡುಗಿ. ಅಂಥವರ ಬಗ್ಗೆ ಬರೆಯೋಕೆ ಹೊರಟರೆ ಅವರೆಲ್ಲ ಸತ್ತಿರುತ್ತಾರೆ. ಕೊನೆ ಹೇಳಲ್ಲ. ಆದರೆ ಇಡೀ ಕಥೆಯ ಬುಡದಲ್ಲಿರೋದು ಏನು? ಎರಡು ನಿಮಿಷದ ಅವಸರ. ಅದು ನನಗೂ ಇದೆ, ನಿನಗೂ ಇದೆ. ಸಿನಿಮಾ ನೋಡಿ ಬಂದ ರಾತ್ರಿ ನಾನು ಹೆದರಿದ್ದು ಅದಕ್ಕೇ.

ನಿನ್ನ ಮೇಲೆ ಇಷ್ಟು ರೇಗೋದಕ್ಕೆ ಹಳೇ ಉರಿಯೂ ಒಂದಿದೆ. ಒಬ್ಬ ನಿರ್ಮಾಪಕರು ನನ್ನ ಒಂದು ಕಥೆ ತಗೊಂಡಿದ್ದರು. ಅದರಲ್ಲಿ ನಾಯಕಿಗೆ ಒಬ್ಬ ಸೋದರತ್ತೆ. ಗಂಡ ಸತ್ತ ಮೇಲೆ ತವರಿಗೆ ಬಂದವಳು, ಮನೆಯ ಬೀಗದಕೈ ಗೊಂಚಲು ಅವಳ ಸೊಂಟದಲ್ಲಿ. ಈ ಹುಡುಗಿ ಮದುವೆಯಾಗಿ ಹೋದರೆ ಮನೆ ಮಾರ್ತಾರೆ, ಆಮೇಲೆ ತಾನೆಲ್ಲಿ ಅನ್ನೋ ಭಯ ಅವಳಿಗೆ. ಕಥೆ ನಿಂತಿದ್ದೇ ಅವಳ ಮೇಲೆ. ‘ಅತ್ತೆಗೆಲ್ಲ ಕಾಲ್‌ಶೀಟ್ ದಂಡ’ ಅಂತ ಅವಳನ್ನು ಕಿತ್ತುಹಾಕಿ, ಬೇರೆ ಯಾರಿಂದಲೋ ಬರೆಸಿದ ಕಾಮಿಡಿ ಟ್ರ್ಯಾಕ್ ಅಲ್ಲಿಗೆ ಅಂಟಿಸಿದರು. ಸಿನಿಮಾ ಬಂತು, ಹೋಯಿತು. ನಾನು ಎರಡನೇ ವಾರಕ್ಕೆ ನೋಡೋಣ ಅಂದುಕೊಂಡಿದ್ದೆ, ಎರಡನೇ ವಾರವೇ ಇರಲಿಲ್ಲ. ಇರಲಿ ಬಿಡು.

ರಂಗನಟಿ ಚಿಂದೋಡಿ ಲೀಲಾ ಅವರ ಊರು ಇದು. ಕಂಪನಿ ನಾಟಕಗಳಲ್ಲಿ ಹೀಗಾಗುತ್ತಿರಲಿಲ್ಲ. ಪಾರ್ಟು ಮಾಡುವವರೆಲ್ಲ ಕಂಪನಿಯಲ್ಲೇ ಇರುವವರು, ಒಂದೇ ಪಂಕ್ತಿಯಲ್ಲಿ ಉಣ್ಣುವವರು. ಬರೆಯುವವನು ಹಾಸ್ಯದ ಪಾರ್ಟನ್ನೋ ಮುದುಕಿ ಪಾರ್ಟನ್ನೋ ಮರೆತರೆ ಊಟದ ಹೊತ್ತಿಗೆ ಮುಖ ತೋರಿಸೋಕೆ ಆಗುತ್ತಿರಲಿಲ್ಲ.

ಸದ್ಯಕ್ಕೆ ಥ್ರಿಲ್ಲರ್ ಎತ್ತಿಡು. ಆ ದಲ್ಲಾಳಿ ಅಪ್ಪ ಜಾಮೀನು ನಿಂತವನ ಮನೆಗೆ ಹೋಗಿ ‘ನನ್ನ ಮಗಳು ಒಪ್ತಿಲ್ಲ’ ಅಂತ ಹೇಳಬೇಕಾಗಿ ಬಂದ ಸೀನು ಒಂದು ಬರಿ. ಹುಡುಗ ಹುಡುಗಿ ಅದರಲ್ಲಿ ಬರಕೂಡದು. ಹಾಳೆಯ ಒಂದೇ ಮಗ್ಗುಲಲ್ಲಿ ಬರಿ, ನಿನ್ನ ಇಂಕು ಹಿಂದಕ್ಕೆ ಮೂಡಿ ನನಗೆ ಓದೋಕೆ ಆಗಲ್ಲ. ದೀಪಾವಳಿಗೆ ಮೊದಲು ಕಳಿಸು, ಆಮೇಲೆ ಮನೆ ತುಂಬ ಮೊಮ್ಮಕ್ಕಳು.

ನಿನ್ನ ಹಿತೈಷಿ