ಭಾನುವಾರಕ್ಕೆ ಕತ್ತಿ ಫೋಟೋ ಕಳಿಸುವವರಿಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಆನ್‌ಲೈನ್‌ನಲ್ಲಿ ಸೇರಿ ಸದಸ್ಯರ ಜಪಾನಿ ಕತ್ತಿಗಳನ್ನು ನೋಡೋಣ. ತೋರಿಸುವವರು ಶುಕ್ರವಾರದೊಳಗೆ ಫೋಟೋ ಹಾಕಿ. ಹಿಡಿಯೊಳಗೆ ಕೂರುವ ನಕಾಗೊ ಎರಡೂ ಬದಿ ಪೂರ್ತಿ ಕಾಣಬೇಕು. ಅದರ ತುಕ್ಕನ್ನು ಮಾತ್ರ ದಯವಿಟ್ಟು ಉಜ್ಜಬೇಡಿ, ಕತ್ತಿಯ ವಯಸ್ಸು ಅಂದಾಜು ಮಾಡೋಕೆ ಆ ಕಪ್ಪು ತುಕ್ಕೇ ಬೇಕು, ಹೊಳಪು ಬಂತೋ ಸಾಕ್ಷಿಯೂ ಹೋಯ್ತು, ಬೆಲೆಯೂ ಹೋಯ್ತು. ನಕಾಗೊ ಮೇಲೆ ದೊಡ್ಡ ಕಮ್ಮಾರನ ಹೆಸರು ಕೆತ್ತಿದೆ ಅಂತ ಸುಮ್ನೆ ಕುಣಿಯಬೇಡಿ. ಸುಳ್ಳು ಸಹಿಗಳು ಜಾಸ್ತಿ, ಎಡೋ ಕಾಲದ ಹೆಸರಾಂತ ಕತ್ತಿ ಕಮ್ಮಾರ ಕೊತೆತ್ಸು ಹೆಸರಿನವಂತೂ ಕೇಳಲೇಬೇಡಿ! ತ್ಸುಬಾ (ಹಿಡಿಗೂ ಅಲಗಿಗೂ ನಡುವಿನ ಕೈಕಾಪು ಬಿಲ್ಲೆ) ಇದ್ದರೆ ರಂಧ್ರಗಳ ಒಳಅಂಚನ್ನು ಹತ್ತಿರದಿಂದ ತೆಗೆಯಿರಿ, ಎರಕದ ನಕಲಾದರೆ ಅಲ್ಲಿ ಅಚ್ಚಿನ ಗೆರೆ ಸಿಗಬಹುದು. ಎನ್‌ಬಿಟಿಎಚ್‌ಕೆ (ಜಪಾನಿನ ಕತ್ತಿ ಸಂರಕ್ಷಣಾ ಸಂಘ) ಕೊಟ್ಟ ಹೊಜೊನ್ ಪತ್ರ, ಅಂದರೆ ಅಸಲಿತನದ ಪ್ರಮಾಣಪತ್ರ, ಇದ್ದರೆ ಅದನ್ನೂ ಹಾಕಿ. ತೊರೊಕುಶೊ ಬರೀ ನೋಂದಣಿ ಚೀಟಿ, ಸಹಿ ಅಸಲಿ ಅನ್ನೋದಕ್ಕೆ ಪುರಾವೆ ಅಲ್ಲ. ಬರುವವರು ಇಲ್ಲೇ ಹೂಂ ಅನ್ನಿ.