ರಾಜಿಗೆ ಸಹಿ ಹಾಕಿಸುವ ಮೊದಲೇ ಹೇಳಿ ಸ್ವಾಮಿ

ಸಂಪಾದಕರೇ,

ಲೋಕ ಅದಾಲತ್ (ರಾಜಿಯಲ್ಲಿ ಕೇಸು ಮುಗಿಸುವ ಜನತಾ ನ್ಯಾಯಾಲಯ) ನಡೆದ ಮರುದಿನ ಜಿಲ್ಲಾ ಪುಟದಲ್ಲಿ ಇಷ್ಟು ಸಾವಿರ ಕೇಸು ಇತ್ಯರ್ಥ ಅಂತ ಸುದ್ದಿ, ಪಕ್ಕದಲ್ಲಿ ಮತ್ತೆ ಒಂದಾದ ಗಂಡ ಹೆಂಡತಿ ಹಾರ ಬದಲಾಯಿಸಿಕೊಳ್ಳುವ ಫೋಟೊ ಹಾಕುತ್ತೀರಿ. ಸಂತೋಷವೇ. ಆದರೆ ಆದ ರಾಜಿಯನ್ನು ರದ್ದು ಮಾಡಿಸೋಕೆ ಅಲೆಯುವವರ ಬಗ್ಗೆ ಯಾರೂ ಬರೆಯುವುದಿಲ್ಲ. ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ, ನಮ್ಮ ಅತ್ತಿಗೆ.

ಅವರ ತವರಿನದು ಅಡಿಕೆ ತೋಟ, ಜೊತೆಗೆ ಒಂದಿಷ್ಟು ಖುಷ್ಕಿ, ಅಂದರೆ ಮಳೆ ನಂಬಿದ ಒಣ ಜಮೀನು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲೇ ಕಾನೂನು ಬಂತು, ಅಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಹಕ್ಕು ಹೋಗಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಪಾಲು ಕೇಳಿ ದಾವೆ ಹಾಕಿದ್ದರು. ಆಮೇಲೆ ಅಣ್ಣಂದಿರು ಬಂದು 'ತೋಟದಲ್ಲೇ ಅರ್ಧ ಎಕರೆ ಕೊಡ್ತೀವಿ, ಕೋರ್ಟ್ ಯಾಕೆ' ಅಂದರು. ತವರಿನ ದಾರಿ ಮುಚ್ಚಬಾರದು ಅಂತ ಇವರೂ ಅದಾಲತ್‌ನಲ್ಲಿ ಒಪ್ಪಿದರು.

ರಾಜಿ ಅರ್ಜಿ ಪೂರ್ತಿ ಇಂಗ್ಲಿಷಿನಲ್ಲಿ. ಪ್ರತಿ ಹಾಳೆಯ ಕೆಳಗೆ ಪೆನ್ಸಿಲ್‌ನಲ್ಲಿ ಇಂಟು ಮಾರ್ಕು, ಅದರ ಮೇಲೆ ಸಹಿ. 'ಒಪ್ಪಿಗೆ ತಾನೇನಮ್ಮಾ?' ಅಂತ ಅದಾಲತ್‌ನವರು ಕೇಳಿದರಂತೆ, ಇವರು ತಲೆ ಆಡಿಸಿದರು. ಪಹಣಿ ತೆಗೆಸಿದಾಗ ನೋಡಿದರೆ ಬಂದಿರುವುದು ಖುಷ್ಕಿ. ಬೋರ್‌ವೆಲ್ ಇರುವ ತೋಟದ ಸರ್ವೆ ನಂಬರೇ ಷೆಡ್ಯೂಲಿನಲ್ಲಿ (ರಾಜಿಯ ಆಸ್ತಿ ಪಟ್ಟಿಯಲ್ಲಿ) ಇಲ್ಲ. ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರ, ಓದಿದರೆ 'ಪೂರ್ವಕ್ಕೆ ಅಡಿಕೆ ತೋಟ' ಅಂತ ಇದೆ, ಅಂದರೆ ಬೇಲಿಯ ಆಚೆಗೆ!

ಸರಿ, ಮೋಸ ಆಯ್ತು, ಅಪೀಲು ಹಾಕೋಣ ಅಂತ ಹೋದರೆ ಅಪೀಲೇ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅದಾಲತ್‌ನ ಅವಾರ್ಡು, ಅಂದರೆ ರಾಜಿಯ ಆದೇಶ, ಕೋರ್ಟ್ ಡಿಕ್ರಿಗೆ ಸಮ, ಅದೇ ಕೊನೆ. ಹೊಸ ದಾವೆಯೂ ನಡೆಯಲ್ಲ. ಹೈಕೋರ್ಟಿಗೆ ನೇರವಾಗಿ ಹಾಕುವ ರಿಟ್ ಅರ್ಜಿ ಒಂದೇ ದಾರಿ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಮೋಸ ಆಗಿದೆ ಅಂದರೂ ಅಷ್ಟೇ ಅಂತ 2017ರಲ್ಲಿ ಮತ್ತೆ ಹೇಳಿದೆ. ಅಂದರೆ ತಾಲ್ಲೂಕಿನಲ್ಲಿ ಹತ್ತು ನಿಮಿಷದಲ್ಲಿ ಹಾಕಿದ ಸಹಿ ಬಿಡಿಸೋಕೆ ದಾವಣಗೆರೆ ಜಿಲ್ಲೆಯವರು ಬೆಂಗಳೂರಿಗೇ ಹೋಗಬೇಕು. ಅದಾಲತ್ ಬಿಟ್ಟು ಮಾಮೂಲಿ ಕೋರ್ಟಿನಲ್ಲಿ ಆದ ರಾಜಿಯಾದರೆ ಬೇರೆ. ಅಲ್ಲೂ ಹೊಸ ದಾವೆ ಹಾಕುವ ಹಾಗಿಲ್ಲ, ಆದರೆ ರಾಜಿ ದಾಖಲು ಮಾಡಿದ ಅದೇ ಕೋರ್ಟಿನ ಮುಂದೆ ಅರ್ಜಿ ಹಾಕಿ, ಇದು ಮೋಸದಿಂದ ಆಗಿದ್ದು ಅಂತ ತೋರಿಸಬಹುದು. ಎರಡರಲ್ಲೂ 'ನನಗೆ ಕಮ್ಮಿ ಸಿಕ್ತು, ಈಗ ಮನಸ್ಸು ಬದಲಾಯ್ತು' ಅಂದರೆ ಯಾರೂ ಕೇಳಲ್ಲ. ಕೇಳಲೂಬಾರದು ಬಿಡಿ, ಇಲ್ಲಾಂದ್ರೆ ಯಾವ ಕೇಸೂ ಮುಗಿಯಲ್ಲ.

ನಾನು ರಾಜಿಗೆ ವಿರೋಧಿ ಅಲ್ಲ. ಅಣ್ಣ ತಂಗಿ ವರ್ಷಗಟ್ಟಲೆ ಕೋರ್ಟ್ ಕಟ್ಟೆ ಮೇಲೆ ಎದುರುಬದುರು ಕೂರೋದಕ್ಕಿಂತ ಅದು ಸಾವಿರ ಪಾಲು ವಾಸಿ, ಕಟ್ಟಿದ ಕೋರ್ಟ್ ಫೀ ಕೂಡ ವಾಪಸ್ ಬರುತ್ತೆ. ಆದರೆ ಬಿಡಿಸಿಕೊಳ್ಳೋದು ಇಷ್ಟು ಕಷ್ಟ ಅಂದಮೇಲೆ ಹಾಕಿಸುವಾಗ ಅಷ್ಟೇ ನಿಧಾನ ಬೇಡವಾ? ಅದಾಲತ್ ನಡೆಸುವವರೇ, ಷರತ್ತುಗಳನ್ನು, ಅದರಲ್ಲೂ ಷೆಡ್ಯೂಲನ್ನು ಕನ್ನಡದಲ್ಲಿ ಜೋರಾಗಿ ಓದಿ. ಹೆಣ್ಣುಮಕ್ಕಳನ್ನು ಅಣ್ಣತಮ್ಮಂದಿರಿಂದ ಸ್ವಲ್ಪ ದೂರ ಕರೆದು ಕೇಳಿ. 'ಇದಕ್ಕೆ ಅಪೀಲು ಇಲ್ಲ ಕಣಮ್ಮಾ' ಅನ್ನೋ ಒಂದು ಮಾತನ್ನು ಸಹಿಗೆ ಮೊದಲು ಹೇಳಿ. ಇದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ, ಅಲ್ವಾ?

ಇನ್ನು ಪತ್ರಿಕೆಯವರಿಗೆ ಒಂದು ವಿನಂತಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತವಾಗಿ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ರಾಜಿ ಕರಡನ್ನು ಅವರಿಗೆ ತೋರಿಸಿ ಓದಿಸಬಹುದು. ಅದಾಲತ್‌ನ ದಿನಾಂಕ ಪ್ರಕಟಿಸುವಾಗ ಇದನ್ನೂ ಅಲ್ಲೇ ಹಾಕಿ, ಮುಗಿದ ಮೇಲೆ ಬೇಡ.

ನಿಮ್ಮ ಓದುಗ,
ಚನ್ನಗಿರಿ ತಾಲ್ಲೂಕು